ಯಾರೂ ತುಳಿಯದ ಮಣ್ಣು

ಬಿಳಿಗುಡ್ಡ ಅರಣ್ಯ ಸಂಶೋಧನಾ ಕೇಂದ್ರ
೧೨ ನವೆಂಬರ್ ೧೯೮೬

ತಂಗೆವ್ವಾ,

‘ಹಂಗಾರ ಅದು ದೇವರ ಮಣ್ಣಾತು ಬಿಡು’ ಎಂದವಳು ನೀನೋ, ವೈನಿಯೋ? ಬಸ್ಸು ಮುಧೋಳ ದಾಟಿದಾಗಿನಿಂದ ಆ ಮಾತು ಕಿವಿಯಲ್ಲಿದೆ, ಧ್ವನಿ ಮಾತ್ರ ನೆನಪಾಗುತ್ತಿಲ್ಲ. ಅದಕ್ಕೆ ಮೊದಲು ನಾನು ಹೇಳಿದ್ದು ನೆನಪಿದೆ. ನಾನು ಕೆಲಸ ಮಾಡುವ ಗುಡ್ಡದ ತುದಿಯ ಕಾಡಿನಲ್ಲಿ ನೇಗಿಲು ಹೋಗಿಲ್ಲ, ಕುರಿ ಹೋಗಿಲ್ಲ, ಆ ಮಣ್ಣನ್ನು ಯಾರೂ ತುಳಿದಿಲ್ಲ, ಅದಕ್ಕೆ ಸೇರಿದ್ದೆಲ್ಲ ಆಕಾಶದಿಂದ ಇಳಿದದ್ದು ಎಂದಿದ್ದೆ. ಆಗ ಯಾರೋ ಹಾಗೆಂದರು. ನಾನು ನಕ್ಕು ಚಹಾ ಕುಡಿದೆ. ತಿದ್ದಬಹುದಿತ್ತು. ರಜೆಯ ಮೇಲೆ ಬಂದವನು ಮನೆಯವರನ್ನು ತಿದ್ದಬಾರದು ಎಂದು ನನಗೆ ನಾನೇ ಮಾಡಿಕೊಂಡ ನಿಯಮವೊಂದಿದೆ. ಅದು ಸೌಜನ್ಯವೋ ಸೋಮಾರಿತನವೋ ಇನ್ನೂ ತೀರ್ಮಾನವಾಗಿಲ್ಲ.

ಕೇಳಬೇಕಾದದ್ದು ಬೇರೆ. ಧಾರವಾಡದ ಗೆಳೆಯನಿಗೆ ಕೊಡಲೆಂದು ಕೆಲವು ಮಣ್ಣಿನ ಚೀಲಗಳನ್ನು ತಂದಿದ್ದೆನಲ್ಲ, ಮರಳುವಾಗ ಅವನ್ನು ಅವನ ಕೋಣೆಯಲ್ಲಿ ಇಡುವ ಹೊತ್ತಿಗೆ ಒಂದು ಕಡಿಮೆಯಿತ್ತು. ಬಸ್ಸಿಗೆ ಹೊತ್ತಾಗಿತ್ತು, ಯಾವುದು ಕಡಿಮೆ ಎಂದು ನೋಡಲಿಲ್ಲ. ಅಂಗೈಯಷ್ಟು ಬಿಳಿ ಬಟ್ಟೆಯ ಚೀಲ, ಒಳಗೆ ಪ್ಲಾಸ್ಟಿಕ್ಕು, ಕೊರಳಿಗೆ ಒಂದು ಚೀಟಿ. ಮನೆಯಲ್ಲಿ ಸಿಕ್ಕರೆ ಎತ್ತಿಡು. ಅವಸರವಿಲ್ಲ.

ಪರಮಾನಂದ


ಬಾಡಗಂಡಿ
೩೦ ನವೆಂಬರ್ ೧೯೮೬

ಅಣ್ಣಾ,

ಆ ಮಾತು ವೈನಿಯದು. ಚೀಲವೂ ಆಕೆಯ ಹತ್ತಿರವೇ ಇದೆ. ನೀನು ಮಲಗಿದ್ದ ಮೂಲೆಯಲ್ಲಿ ಹಾಸಿಗೆ ಸುತ್ತುವಾಗ ಸಿಕ್ಕಿತಂತೆ. ಈಗ ಬೀರೇಶ್ವರನ ಜಗುಲಿಯ ಮೇಲೆ, ಭಂಡಾರದ ಅರಿಸಿನ ಬಟ್ಟಲಿಗೆ ಒತ್ತಿ ಕೂತಿದೆ. ಮರೆತು ಹೋಗಿದ್ದಾನೆ, ತಿರುಗಿ ಕೇಳಬಹುದು ಎಂದು ನಾನು ಹೇಳಿದರೆ ಆಕೆ ನಕ್ಕಳು.

‘ಮರತಿಲ್ಲ ಬೇ, ಬಿಟ್ಟ ಹೋಗ್ಯಾನ. ದೇವರಿಗೆ ಅಂತ ಬಾಯಿಲೆ ಹೇಳಾಕ ಮೈದುನಗ ನಾಚಿಗಿ. ಸಾಲಿ ಕಲತಾಂವಲ್ಲ.’

ಚೀಟಿಯನ್ನು ಬಿಚ್ಚಿ ಒಲೆಗೆ ಹಾಕಿದಳು. ದೇವರ ಮುಂದೆ ಇಂಗ್ಲಿಷ್ ಅಂಕಿ ಯಾಕೆ ಎಂದು.

ಇನ್ನೊಂದು ಸಣ್ಣ ಮಾತು. ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಬಸಿರಿ. ಹಿಂದೆ ಎರಡು ನಿಲ್ಲಲಿಲ್ಲ, ಹೀಗಾಗಿ ಹೊರಗೆ ಯಾರಿಗೂ ಹೇಳಿಲ್ಲ. ಆಕೆಗೆ ಮಣ್ಣಿನ ಬಯಕೆ. ಗೋಡೆ ಕೆರೆದು ತಿನ್ನುವುದನ್ನು ವೈನಿ ಕಂಡು, ‘ಮಂದಿ ತುಳದದ್ದು ಯಾಕ ತಿಂತಿ, ಇದನ ತಿನ್ನು’ ಎಂದು ನಿನ್ನ ಮಣ್ಣನ್ನು ದಿನಕ್ಕೊಂದು ಚಿಟಿಕೆ ಭಂಡಾರದ ಜೊತೆ ಕೊಡುತ್ತಿದ್ದಾಳೆ. ಬಾಯಲ್ಲಿ ಇಟ್ಟರೆ ಮೊದಲ ಮಳೆ ಬಿದ್ದ ಹಾಗೆ ಆಗುತ್ತದಂತೆ. ನೀನು ಆ ದಿನ ಪಾದರಸ ಎಂದೇನೋ ಹೇಳಿದ ನೆನಪು. ಜ್ವರ ನೋಡುವ ಕಡ್ಡಿಯೊಳಗೆ ಇರುತ್ತದೆ ಎಂಬುದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಏನೂ ಆಗುವುದಿಲ್ಲವಲ್ಲ?

ಇವರು ಬನಹಟ್ಟಿಯ ನೂಲಿನ ಅಂಗಡಿಯಿಂದ ರವಿವಾರಕ್ಕೊಮ್ಮೆ ಬರುತ್ತಾರೆ. ಆರಾಮ ಇದ್ದಾರೆ. ದೊಡ್ಡಣ್ಣ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಿ ಬಂದ. ನಾನೂ ಆರಾಮ.

ತಂಗೆವ್ವ


ಬಿಳಿಗುಡ್ಡ
೬ ಡಿಸೆಂಬರ್ ೧೯೮೬

ತಂಗೆವ್ವಾ,

ಬೆಳಿಗ್ಗೆ ಕಳಿಸಿದ ತಾರು ಈ ಪತ್ರಕ್ಕಿಂತ ಮೊದಲೇ ತಲುಪಿರುತ್ತದೆ. ಅದರಲ್ಲಿದ್ದದ್ದೇ ಮುಖ್ಯ: ಆ ಮಣ್ಣನ್ನು ಯಾರೂ ತಿನ್ನಬಾರದು. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ನಿನ್ನ ಓಣಿಯ ಹೆಣ್ಣುಮಗಳಿಗೆ ತಿಳಿಯುವಂತೆ ನೀನು ಹೇಳು.

ಕಲ್ಲಿದ್ದಲು ಸುಡುವಲ್ಲಿ, ಅದಿರು ಕಾಸುವಲ್ಲಿ, ಇನ್ನೂ ಎಷ್ಟೋ ಕಡೆ ಪಾದರಸ ಹಬೆಯಾಗಿ ಏಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಿಂಗಳುಗಟ್ಟಲೆ ಗಾಳಿಯಲ್ಲೇ ಇದ್ದು ಸಾವಿರಾರು ಮೈಲಿ ಹೋಗಬಲ್ಲದು. ಗುಡ್ಡದ ಮರಗಳು ಉಸಿರಾಡುವಾಗ ಅದನ್ನು ಎಲೆಯೊಳಗೆ ಎಳೆದುಕೊಳ್ಳುತ್ತವೆ. ಎಲೆ ಉದುರುತ್ತದೆ, ಕೊಳೆಯುತ್ತದೆ. ಎಲೆ ಹೋದರೂ ಪಾದರಸ ಉಳಿಯುತ್ತದೆ. ಮರುವರ್ಷ ಅದರ ಮೇಲೆ ಇನ್ನೊಂದು ಪದರ. ಎತ್ತರಕ್ಕೆ ಹೋದಂತೆ ಮೋಡವೂ ಮರಕ್ಕೆ ಒರೆಸಿಕೊಂಡು ಹೋಗುವುದರಿಂದ ಇನ್ನಷ್ಟು ಸೇರುತ್ತದೆ, ಚಳಿಗೆ ಕೊಳೆಯುವುದು ನಿಧಾನವಾಗಿ ದಪ್ಪಗೆ ಕೂಡುತ್ತದೆ. ಉತ್ತ ಹೊಲದಲ್ಲಿ ಮಣ್ಣು ತಿರುವಿ ಬೀಳುತ್ತದೆ, ಚದುರುತ್ತದೆ, ತೊಳೆದು ಹೋಗುತ್ತದೆ. ತುಳಿಯದ ನೆಲ ಏನನ್ನೂ ಬಿಟ್ಟುಕೊಡುವುದಿಲ್ಲ. ವೈನಿ ಯಾವ ಕಾರಣಕ್ಕೆ ಅದನ್ನು ಮಡಿ ಎಂದುಕೊಂಡಳೋ, ಅದೇ ಕಾರಣಕ್ಕೆ ನಾನು ಅದನ್ನು ಅಳೆಯುತ್ತಿದ್ದೇನೆ.

ಅಳತೆಯನ್ನೂ ಹೇಳಬೇಕು. ಕೂಡುತ್ತದೆ ಎಂದರೂ ಅದು ಬಹಳ ಕಡಿಮೆ. ಸಾಮಾನ್ಯವಾಗಿ ಆಗಿದ್ದರೆ ಚಿಟಿಕೆ ಮಣ್ಣಿನಿಂದ ಏನೂ ಆಗದು ಎಂದು ಬರೆದು ಮುಗಿಸುತ್ತಿದ್ದೆ. ಆದರೆ ಬಸಿರಿನ ವಿಷಯದಲ್ಲಿ ನಾವು ಹಗುರಾಗಿ ಮಾತಾಡುವುದಿಲ್ಲ. ಜಪಾನಿನ ಒಂದು ಕಡಲ ಊರಿನಲ್ಲಿ ಕಾರ್ಖಾನೆಯ ನೀರು ಮೀನಿಗೆ ಸೇರಿ, ಮೀನಿನಿಂದ ಹೆಂಗಸರಿಗೆ ಸೇರಿತು. ಕೆಲವು ತಾಯಂದಿರು ಗಟ್ಟಿಮುಟ್ಟಾಗಿಯೇ ಇದ್ದರು. ಹುಟ್ಟಿದ ಮಕ್ಕಳು ಕತ್ತೆತ್ತಲಿಲ್ಲ. ತಾಯಿಗೆ ಬಂದದ್ದನ್ನು ಕೂಸು ಇಳಿಸಿಕೊಂಡಿತ್ತು. ಅದು ಬೇರೆ ಬಗೆಯ ಪಾದರಸ, ಬೇರೆ ಪ್ರಮಾಣ. ಆದರೂ ಆಕೆಗೆ ಗೊತ್ತಿರಲಿ, ಮತ್ತೆ ಕೈ ಹಾಕುವುದಿಲ್ಲ.

ಒಂದು ವಿವರ ಬೇಕು. ಆ ಮಣ್ಣು ಒರಟಾಗಿದೆಯೋ, ನುಣ್ಣಗಿದೆಯೋ? ಬೆರಳಲ್ಲಿ ತಿಕ್ಕಿ ನೋಡಿ ಬರೆ. ಆಮೇಲೆ ಕೈ ತೊಳೆದುಕೋ.

ಪರಮಾನಂದ


ಬಾಡಗಂಡಿ
೧೫ ಡಿಸೆಂಬರ್ ೧೯೮೬

ಅಣ್ಣಾ,

ನಾನು ಸಾಲಿಯಿಂದ ಬಂದು ಇನ್ನೂ ಬಾಗಿಲಲ್ಲಿದ್ದೆ. ಅಂಚೆಯ ನಾಮದೇವ ಸೈಕಲ್ಲು ನಿಲ್ಲಿಸಿ ‘ತಾರು ಬಂದೈತ್ರಿ’ ಎಂದದ್ದೇ ತಡ, ವೈನಿ ಸೆರಗು ಬಾಯಿಗೆ ಹಿಡಿದು ಗೋಳೋ ಎಂದು ಕೂತುಬಿಟ್ಟಳು. ಇಲ್ಲಿ ತಾರು ಎಂದರೆ ಸಾವು, ನಿನಗೆ ಮರೆತಿರಬೇಕು. ಪಕ್ಕದ ಮುತ್ತವ್ವ ಯಾರು ಸತ್ತರೆಂದು ಕೇಳದೆಯೇ ಓಡಿ ಬಂದು ಜೊತೆಗೆ ಅಳತೊಡಗಿದಳು.

‘ಓದೂತನಾ ತಡೀರಿ ಬೇ!’ ಎಂದು ದೊಡ್ಡಣ್ಣ ಗದರಿದ. ನಾಮದೇವ ಓದಿದ, ಇನ್ನೊಮ್ಮೆ ಓದಿದ, ತಲೆ ಕೆರೆದುಕೊಂಡ.

‘ಏನೈತೋ?’ ಎಂದ ದೊಡ್ಡಣ್ಣ.

‘ಮಣ್ಣ ತಿನ್ನಬ್ಯಾಡ್ರಿ ಅಂತ ಐತ್ರಿ, ಸಾಬಣ್ಣ.’

‘ಮತ್ತ?’

‘ಮತ್ತೇನಿಲ್ರಿ. ಅಷ್ಟ.’

‘ಇಷ್ಟ ಹೇಳಾಕ ತಾರ ಹೊಡದಾನ? ನಾವೇನ ಎರಿಹುಳಾ?’

ಮುತ್ತವ್ವ ಕಣ್ಣೊರೆಸಿಕೊಂಡು, ‘ಹಂಗಾರ ಯಾರೂ ಸತ್ತಿಲ್ಲೇನ? ಒಲೀ ಮ್ಯಾಲ ಹಾಲ ಇಟ್ಟ ಬಂದಿದ್ನೆಲ್ಲ’ ಎಂದು ಸಿಟ್ಟಿನಿಂದ ಎದ್ದು ಹೋದಳು.

ನೀನು ಕೇಳಿದ್ದಕ್ಕೆ ಉತ್ತರ: ಮಣ್ಣು ನುಣ್ಣಗೆ ಹಿಟ್ಟಿನ ಹಾಗೆ ಇದೆ. ಬೆರಳಿಗೆ ಏನೂ ತಾಗುವುದಿಲ್ಲ. ಯಾಕೆ ಕೇಳಿದೆ?

ಆಕೆ ತಿನ್ನುವುದನ್ನು ಬಿಟ್ಟಿದ್ದಾಳೆ. ಈಗ ಬಯಕೆಯೂ ಇಲ್ಲ, ಊಟವೂ ಸೇರುವುದಿಲ್ಲ. ಮಧ್ಯಾಹ್ನ ಸಾಲಿಯ ಉಪ್ಪಿಟ್ಟಿನ ವಾಸನೆ ಬಂದರೆ ಹೊರಗೆ ಓಡುತ್ತಾಳೆ. ಆ ಜಪಾನಿನ ಮಕ್ಕಳು ಕತ್ತೆತ್ತುವುದಿಲ್ಲ ಎಂದು ಎಷ್ಟು ತಿಂಗಳಿಗೆ ಗೊತ್ತಾಯಿತು ಎಂದು ಕೇಳುತ್ತಾಳೆ. ನಿನಗೆ ಗೊತ್ತಿದ್ದರೆ ಬರೆ. ಗೊತ್ತಿಲ್ಲದಿದ್ದರೆ ಬಿಡು.

ತಂಗೆವ್ವ


ಬಿಳಿಗುಡ್ಡ
೨೨ ಡಿಸೆಂಬರ್ ೧೯೮೬

ತಂಗೆವ್ವಾ,

ಓಣಿಯ ಹೆಣ್ಣುಮಗಳು ಮಧ್ಯಾಹ್ನ ಸಾಲಿಯಲ್ಲಿ ಏನು ಮಾಡುತ್ತಾಳೆ ಎಂದು ಯೋಚಿಸಿದೆ. ಅಲ್ಲಿ ಮಕ್ಕಳಿಗೆ ಪಾಠ ಹೇಳಿ, ಉಪ್ಪಿಟ್ಟು ಬಡಿಸುವವಳು ನೀನು.

ಹಿಂದೆ ಎರಡು ನಿಲ್ಲಲಿಲ್ಲ ಎಂದೂ ನೀನು ಬರೆದಿದ್ದೆ. ಓದಿ ಮುಂದಿನ ಸಾಲಿಗೆ ಹೋದೆ. ನಿನ್ನ ಎರಡರ ಸುದ್ದಿಯೂ ನನಗೆ ಗೊತ್ತಿತ್ತು, ಒಂದಕ್ಕಂತೂ ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ. ಆದರೂ ಹೊಳೆಯಲಿಲ್ಲ. ಕಾಗದದ ಮೇಲೆ ಬೇರೆಯವರ ಕಷ್ಟ ಬಹಳ ಸ್ಪಷ್ಟವಾಗಿ ಕಾಣುತ್ತದೆ, ಅದರಲ್ಲಿ ಮುಖ ಇರುವುದಿಲ್ಲ.

ನಾನೂ ಒಂದನ್ನು ಹೇಳಿರಲಿಲ್ಲ. ನಮ್ಮ ಉಪಕರಣ ಸರಿಯಾಗಿ ಅಳೆಯುತ್ತಿದೆಯೋ ಎಂದು ನೋಡಲು ನಾವೇ ಪಾದರಸ ಬೆರೆಸಿದ ಮಣ್ಣೊಂದನ್ನು ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಗುಡ್ಡದ ಮಣ್ಣಿಗಿಂತ ಸಾವಿರಾರು ಪಟ್ಟು ಹೆಚ್ಚು ಇರುತ್ತದೆ. ಧಾರವಾಡಕ್ಕೆ ಒಯ್ದ ಚೀಲಗಳಲ್ಲಿ ಒಂದು ಅದು. ಗುಡ್ಡದಿಂದ ಹಾಗೆಯೇ ತಂದ ಮಣ್ಣುಗಳು ಒರಟು. ಬೆರೆಸಿದ್ದು ಮಾತ್ರ ಜರಡಿ ಹಿಡಿದು ಹಿಟ್ಟಿನಂತೆ ಮಾಡಿದ್ದು. ಅದಕ್ಕೇ ಕೇಳಿದೆ. ನೀನು ನುಣ್ಣಗಿದೆ ಎಂದು ಬರೆದಿದ್ದೀ. ಉಳಿದ ಚೀಲಗಳ ಚೀಟಿ ನೋಡಿದರೆ ಈಗಲೇ ತಿಳಿಯುತ್ತಿತ್ತು, ಆದರೆ ಗೆಳೆಯ ಕೋಣೆಗೆ ಬೀಗ ಹಾಕಿ ದಿಲ್ಲಿಗೆ ಹೋಗಿದ್ದಾನೆ, ಬರುವುದು ಜನವರಿಯ ಕೊನೆಗೆ.

ಮೂರು ಕೆಲಸ ಮಾಡು. ಜಮಖಂಡಿಗೆ ಹೋಗಿ ಡಾಕ್ಟರಿಗೆ ತೋರಿಸು, ಏನೂ ಮುಚ್ಚದೆ ಹೇಳು. ಉಳಿದ ಮಣ್ಣನ್ನು ಡಬ್ಬಿಯಲ್ಲಿ ಹಾಕಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ನಿನ್ನ ಕೂದಲನ್ನೂ ಸ್ವಲ್ಪ ಕಳಿಸು, ಬುಡದಿಂದ. ಮೈಗೆ ಸೇರಿದ ಪಾದರಸದ ಗುರುತು ಅಲ್ಲಿ ಉಳಿದಿರುತ್ತದೆ. ಕೈ ನಡುಗುತ್ತದೆಯೇ? ಬಾಯಲ್ಲಿ ತಾಮ್ರದ ರುಚಿ ಬರುತ್ತದೆಯೇ?

ನಾನು ಇಂದೇ ಬಸ್ಸು ಹತ್ತಬಹುದು. ಆದರೆ ಬಂದರೆ ನಿನ್ನ ಎದುರು ಕೂತಿರುತ್ತೇನೆ, ಅದರಿಂದ ಏನೂ ತಿಳಿಯುವುದಿಲ್ಲ. ಇಲ್ಲಿದ್ದರೆ ಉಪಕರಣದ ಎದುರು ಇರುತ್ತೇನೆ.

ನೀನು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆ. ಬರೆಯುವುದಿಲ್ಲ.

ಪರಮ


ಬಾಡಗಂಡಿ
೧೧ ಜನವರಿ ೧೯೮೭

ಅಣ್ಣಾ,

ಕೈ ನಡುಗುವುದಿಲ್ಲ. ಬಾಯಿ ರುಚಿ ಸರಿಯಿದೆ. ಇವರು ಅಂಗಡಿಗೆ ರಜೆ ಹಾಕಿ ಜಮಖಂಡಿಗೆ ಕರೆದುಕೊಂಡು ಹೋದರು. ಹೆಣ್ಣು ಡಾಕ್ಟರು ಹೊಟ್ಟೆಯ ಮೇಲೆ ನಳಿಗೆ ಇಟ್ಟು ಕೇಳಿ, ಕೂಸಿನ ಎದೆ ಬಡಿಯುತ್ತಿದೆ ಎಂದರು. ಪಾದರಸದ ಮಾತು ಹೇಳಿದೆ. ‘ಅದನ್ನ ನಿಮ್ಮ ಅಣ್ಣನ್ನ ಕೇಳ್ರಿ, ನನಗಿಂತ ಅವರಿಗೆ ಗೊತ್ತಿರತೈತಿ’ ಎಂದು ನಿನ್ನ ಕಡೆಗೇ ತಿರುಗಿಸಿದರು.

ತಡವಾಗಿ ಬರೆಯುತ್ತಿದ್ದೇನೆ. ಬರೆಯಲು ಕೂತಾಗಲೆಲ್ಲ ಆ ಕಡಲ ಊರು ಅಡ್ಡ ಬರುತ್ತಿತ್ತು. ಮಣ್ಣು ತಿಂದವಳು ನಾನೇ ಎಂದು ಗೊತ್ತಿದ್ದರೆ ನೀನು ಅದನ್ನು ಬರೆಯುತ್ತಿರಲಿಲ್ಲ. ಅದಕ್ಕೇ ನಾನು ಓಣಿಯವಳಾದೆನೋ ಏನೋ. ಇಲ್ಲ, ಅಷ್ಟು ಯೋಚಿಸಿರಲಿಲ್ಲ. ಐದು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ವೈನಿ ಆಣೆ ಹಾಕಿಸಿದ್ದಳು. ಎರಡು ಸಲ ಹೇಳಿ, ಎರಡು ಸಲವೂ ನಿಲ್ಲಲಿಲ್ಲ ಎಂದು ತಿರುಗಿ ಹೇಳಬೇಕಾಯಿತಲ್ಲ. ಆಗೆಲ್ಲ ನೀನು ‘ಹೌದೇನ’ ಎಂದು ಸುಮ್ಮನಾಗುತ್ತೀ, ಆ ಸುಮ್ಮನಿರುವುದನ್ನು ಇನ್ನೊಮ್ಮೆ ಕೇಳಲು ನನಗೆ ಆಗುತ್ತಿರಲಿಲ್ಲ.

ಕೂದಲಿನದು ದೊಡ್ಡ ಜಗಳವಾಯಿತು. ಕತ್ತರಿ ಕಂಡದ್ದೇ ವೈನಿ ನನ್ನ ಜಡೆ ಹಿಡಿದು ನಿಂತಳು.

‘ಬಸರಿ ಕೂದಲಿಗೆ ಕತ್ತರಿ ಹಚ್ತಾರೇನ? ಯಾ ಸಾಲ್ಯಾಗ ಕಲತೀದಿ ಇದನ್ನ?’

‘ಸಣ್ಣ ಕತ್ತರಿ ಬ್ಯಾಡಂದ್ರ ಕುರಿ ಉಣ್ಣಿ ಕತ್ತರಿ ಐತಿ, ತರಲೇನ?’ ಎಂದ ದೊಡ್ಡಣ್ಣ.

‘ತರ್ರಿ. ಮದಲ ನಿಮ್ಮ ಮೀಸಿ ಬೋಳಸ್ತೀನಿ.’

ಕೊನೆಗೆ ಬಾಚಣಿಗೆಗೆ ಬಂದ ಕೂದಲನ್ನು ಕಳಿಸಲು ಒಪ್ಪಿದಳು. ಬುಡದ ಸಮೇತವೇ ಇದೆ. ಒಂದು ಕರಾರು: ‘ನೋಡೂದಾದ ಮ್ಯಾಲ ತಿರಗಿ ಕಳಸಬೇಕು. ಬಸರಿ ಕೂದಲಾ ಮಂದಿ ಕೈಯಾಗ ಇರಬಾರದು.’

ಮಣ್ಣು ಉಳಿದದ್ದು ಸ್ವಲ್ಪ. ಇದ್ದಷ್ಟನ್ನೂ ಕಳಿಸಿದ್ದೇನೆ. ಭಂಡಾರಕ್ಕೆ ಸೇರುವುದನ್ನೆಲ್ಲ ವೈನಿ ತೆಳು ಬಟ್ಟೆಯಲ್ಲಿ ಸೋಸಿಯೇ ಇಡುತ್ತಾಳಲ್ಲ, ಇದನ್ನೂ ಸಿಕ್ಕ ದಿನವೇ ಸೋಸಿದ್ದಳಂತೆ. ಮೇಲೆ ಉಳಿದ ಬೇರು, ಎಲೆಯ ಚೂರುಗಳನ್ನು ಕರಿಬೇವಿನ ಬುಡಕ್ಕೆ ಸುರಿದಿದ್ದಾಳೆ. ನಿನಗೆ ಅದೂ ಬೇಕಿದ್ದರೆ ಈಗ ಸಿಗುವುದಿಲ್ಲ, ಕೋಳಿ ಕೆದರಿ ಹಾಕಿವೆ.

ಇವರಿಗೆ ಎಲ್ಲ ಹೇಳಿದ್ದೇನೆ. ಮರುದಿನ ಬನಹಟ್ಟಿಗೆ ಹೋಗಬೇಕಾದವರು ಹೋಗಲಿಲ್ಲ.

ತಂಗೆವ್ವ


ಬಿಳಿಗುಡ್ಡ
೧೭ ಜನವರಿ ೧೯೮೭

ತಂಗೆವ್ವಾ,

ಡಬ್ಬಿ ಇನ್ನೂ ಬಿಚ್ಚಿಲ್ಲ, ಮೊದಲು ಪತ್ರ ಓದಿದೆ. ಬೇರಿನ ಚೂರುಗಳು! ಅದನ್ನು ನೀನು ಕೋಳಿಗಳ ಸುದ್ದಿಯ ಹಾಗೆ ಕೊನೆಯಲ್ಲಿ ಬರೆದಿದ್ದೀ.

ನಾವು ಬೆರೆಸಿದ ಮಣ್ಣಿನಲ್ಲಿ ಬೇರು ಇರುವುದಿಲ್ಲ. ಒಂದು ಎಳೆಯೂ ಇರುವುದಿಲ್ಲ. ಮೊದಲು ಜರಡಿ ಹಿಡಿದು, ಆಮೇಲೆ ಪಾದರಸ ಹಾಕುತ್ತೇವೆ. ವೈನಿ ಸೋಸಿ ಬೇರು ತೆಗೆದಿದ್ದಾಳೆ ಎಂದರೆ ಚೀಲದಲ್ಲಿ ಬೇರು ಇತ್ತು, ಬೇರು ಇತ್ತು ಎಂದರೆ ಅದು ಗುಡ್ಡದ ಬರೀ ಮಣ್ಣು. ನುಣ್ಣಗೆ ಮಾಡಿದವಳು ಆಕೆ. ಹೊಳೆಯಬೇಕಿತ್ತು. ಚಿಕ್ಕವನಿದ್ದಾಗ ಭಂಡಾರ ಸೋಸುವ ಬಟ್ಟೆಯನ್ನು ಒಂದು ಕಡೆ ಅವ್ವ, ಒಂದು ಕಡೆ ನಾನು ಹಿಡಿಯುತ್ತಿದ್ದೆವು.

ಉಪಕರಣ ಏನು ಹೇಳುತ್ತದೋ ನೋಡಿ ಬರೆಯುತ್ತೇನೆ. ಆದರೆ ಇವತ್ತು ಊಟ ಮಾಡು. ನಾನೂ ಮಾಡುತ್ತೇನೆ.

ಪರಮ


ಬಿಳಿಗುಡ್ಡ
೯ ಫೆಬ್ರವರಿ ೧೯೮೭

ತಂಗೆವ್ವಾ,

ಅಳೆದೆ. ಇನ್ನೊಬ್ಬರ ಕೈಯಲ್ಲೂ ಅಳೆಸಿದೆ, ಯಾರದ್ದೆಂದು ಹೇಳದೆ. ಮಣ್ಣು ಗುಡ್ಡದ ಮಣ್ಣೇ. ಅದರ ಒಂದು ಚಿಟಿಕೆಯಲ್ಲಿ ಇದ್ದದ್ದು ನಮ್ಮೂರ ಹೊಲದ ಮಣ್ಣಿನ ನಾಲ್ಕಾರು ಚಿಟಿಕೆಯಲ್ಲಿ ಇರುವಷ್ಟು. ಅದೂ ಕೊಳೆತ ಎಲೆಗೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಹೊಟ್ಟೆಗೆ ಹೋದರೂ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ನಿನ್ನ ಕೂದಲಿನಲ್ಲಿ ಕಂಡದ್ದು ಮೀನು ತಿನ್ನದ ಯಾವ ಹೆಂಗಸಿನಲ್ಲೂ ಕಾಣುವಷ್ಟೇ. ಧಾರವಾಡದ ಗೆಳೆಯ ಬಂದು ಕೋಣೆ ತೆರೆದಿದ್ದಾನೆ. ಬೆರೆಸಿದ ಚೀಲ ಅಲ್ಲೇ, ಕಿಟಕಿಯ ಕೆಳಗೆ, ಚೀಟಿ ಸಮೇತ ಕೂತಿತ್ತಂತೆ.

ಇಷ್ಟನ್ನು ಬರೆದು ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ಬಂದೆ. ಮರಗಳ ಕೆಳಗೆ ಎಲೆ ಬೀಳುತ್ತಲೇ ಇತ್ತು. ಗುಡ್ಡದ ಮಟ್ಟಿಗೆ ಏನೂ ಮುಗಿದಿಲ್ಲ. ಈ ವರ್ಷದ ಪದರವೂ ಕೂಡುತ್ತದೆ, ತಗ್ಗಿನ ಹಳ್ಳಕ್ಕೆ ಯಾವಾಗಲೋ ಇಳಿಯುತ್ತದೆ, ಅದನ್ನು ಬರೆಯುವುದು ನನ್ನ ಕೆಲಸ. ಆದರೆ ಆ ಹೊತ್ತು ನನಗೆ ಅದು ಬರೀ ಎಲೆಯಾಗಿತ್ತು. ಅಷ್ಟು ಹಗುರಾಗಿ ನಾನು ಆ ಕಾಡಿನಲ್ಲಿ ನಿಂತದ್ದು ನೆನಪಿಲ್ಲ.

ಒಂದು ತೊಂದರೆಯಿದೆ. ಕೂದಲನ್ನು ಅಳೆಯಬೇಕಾದರೆ ಆಮ್ಲದಲ್ಲಿ ಕರಗಿಸಬೇಕು. ತಿರುಗಿ ಕಳಿಸಲು ಏನೂ ಉಳಿದಿಲ್ಲ. ವೈನಿಗೆ ಏನು ಹೇಳುತ್ತೀ?

ಪರಮ


ಬಾಡಗಂಡಿ
೨೧ ಜೂನ್ ೧೯೮೭

ಅಣ್ಣಾ,

ಹೆಣ್ಣು. ಬೀಳಗಿಯ ದವಾಖಾನೆಯಲ್ಲಿ ಗುರುವಾರ ಹೆರಿಗೆಯಾಯಿತು. ಇಬ್ಬರೂ ಆರಾಮ. ತಾರು ಕೊಡುತ್ತೇನೆ ಎಂದು ಇವರು ಹೊರಟಿದ್ದರು, ನಾನೇ ಬೇಡ ಎಂದೆ.

ತಂಗೆವ್ವ


ಬಾಡಗಂಡಿ
೨ ಆಗಸ್ಟ್ ೧೯೮೭

ಅಣ್ಣಾ,

ಜುಲೈ ತಿಂಗಳ ನಿನ್ನ ಪತ್ರದಲ್ಲಿ ಪ್ರಶ್ನೆಗಳನ್ನು ಎಷ್ಟು ಸಹಜವಾಗಿ ಕೇಳಿದ್ದೀ! ಮಳೆಯ ಸುದ್ದಿ, ನಡುವೆ ಒಂದು ಪ್ರಶ್ನೆ, ಮತ್ತೆ ಮಳೆಯ ಸುದ್ದಿ. ನಾನು ಹತ್ತು ವರ್ಷದಿಂದ ಪರೀಕ್ಷೆ ತೆಗೆಯುವವಳು, ನನಗೆ ತಿಳಿಯುವುದಿಲ್ಲವೇ?

ಊಟದ ಗಂಗಾಳ ಬಿದ್ದು ಸದ್ದಾದರೆ ಬೆಚ್ಚುತ್ತಾಳೆ. ಬೆರಳು ಕೊಟ್ಟರೆ ಹಿಡಿಯುತ್ತಾಳೆ, ಬಿಡಿಸಿಕೊಳ್ಳುವುದು ಕಷ್ಟ. ದೀಪ ಯಾವ ಕಡೆ ಹೋದರೆ ಆ ಕಡೆ ಕಣ್ಣು. ಮೊಲೆ ಜಗ್ಗಿ ಕುಡಿಯುತ್ತಾಳೆ.

ನೀನು ಕೇಳದೆ ಬಿಟ್ಟದ್ದನ್ನೂ ಹೇಳುತ್ತೇನೆ. ಮೊನ್ನೆ ಕೌದಿಯ ಮೇಲೆ ಬೋರಲು ಹಾಕಿದ್ದೆ. ಕತ್ತೆತ್ತಿದಳು. ತೂರಾಡುತ್ತ ಒಂದು ಗಳಿಗೆ ಎತ್ತಿ, ಧಪ್ಪನೆ ಇಟ್ಟಳು. ಮತ್ತೆ ಎತ್ತಿದಳು. ನಾನು ಯಾರನ್ನೂ ಕರೆಯಲಿಲ್ಲ, ಒಬ್ಬಳೇ ನೋಡುತ್ತ ಕೂತೆ. ಅಷ್ಟರಲ್ಲಿ ವೈನಿ ಬಂದು, ‘ಯಾಕ ಅಳಾಕತ್ತೀದಿ ಬೇ? ಹಾಲ ಸಾಲವೊಲ್ವೇನ?’ ಎಂದಳು. ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ ಎಂದೆ. ‘ಎಲ್ಲೈತಿ ಉಳ್ಳಾಗಡ್ಡಿ?’ ಎಂದು ಸುತ್ತ ನೋಡಿ, ಕೂಸು ನೋಡಿ, ಆಕೆಯೂ ಕೂತಳು. ಆಕೆಗೆ ಆ ಕಡಲ ಊರಿನ ಕತೆ ನಾನು ಹೇಳಿಯೇ ಇಲ್ಲ. ಆದರೂ ಕೂತಳು.

ತಂಗೆವ್ವ


ಬಿಳಿಗುಡ್ಡ
೧೪ ಆಗಸ್ಟ್ ೧೯೮೭

ತಂಗೆವ್ವಾ, ಇದು ನಿನಗಲ್ಲ. ತೊಟ್ಟಿಲ ಹತ್ತಿರ ಕೂತು ಓದು.

ಮಗಳೇ,

ನಾನು ನಿನ್ನ ಮಾವ. ಇಲ್ಲಿ ಮಳೆ ಹಿಡಿದು ಎರಡು ತಿಂಗಳಾಯಿತು, ಮೋಡ ಕಿಟಕಿಯೊಳಗೇ ಬಂದು ಕಾಗದ ಒದ್ದೆ ಮಾಡುತ್ತದೆ. ರಜೆ ಕೇಳಿದ್ದೇನೆ, ಸಿಗುವುದು ದಸರೆಗೆ.

ನೀನು ಹುಟ್ಟುವ ಮೊದಲಿನಿಂದ ನಾನು ನಿನ್ನ ಬಗ್ಗೆ ಪ್ರಶ್ನೆ ಕೇಳುತ್ತಲೇ ಇದ್ದೇನೆ. ಮಣ್ಣು ನುಣ್ಣಗೋ ಒರಟೋ, ಅವ್ವನ ಕೈ ನಡುಗುತ್ತದೋ, ಬೆಚ್ಚುತ್ತಾಳೋ, ಹಿಡಿಯುತ್ತಾಳೋ. ಎಲ್ಲಕ್ಕೂ ನಿನ್ನವ್ವ ಉತ್ತರ ಕೊಟ್ಟಿದ್ದಾಳೆ, ನೀನೂ ಕೊಟ್ಟಿದ್ದೀ. ನಿನ್ನೆ ಅವನ್ನೆಲ್ಲ ಮತ್ತೆ ಓದಿದಾಗ ತಿಳಿಯಿತು: ಕೂಸು ಹುಟ್ಟಿದೆ ಎಂದರೆ ಊರಿನ ಯಾವ ಮುದುಕಿಯಾದರೂ ಮೊದಲು ಕೇಳುವುದನ್ನು ನಾನು ಈವರೆಗೆ ಕೇಳಿಲ್ಲ. ಹೆದರಿದವರಿಗೆ ಅದು ಬಾಯಿಗೆ ಬರುವುದಿಲ್ಲ. ನಿನ್ನವ್ವನೂ ತಾನಾಗಿ ಬರೆದಿಲ್ಲ. ಆಕೆಗೂ ಬಿಡುವು ಇರಲಿಲ್ಲವೇನೋ.

ಈಗ ಕೇಳಬಹುದು. ನೀನು ನೋಡಾಕ ಯಾರಂಗ ಅದೀಯ ಬೇ?